ಸಾಕು ಅನ್ನೋವರೆಗೂ

ನಗೋರು ಈಗ್ಲೇ ನಕ್ಕುಬಿಡಿ. ಮಧ್ಯದಲ್ಲಿ ನಕ್ಕರೆ ನಾನು ಎದ್ದು ಹೋಗ್ತೀನಿ. ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನನ್ನ ದೊಡ್ಡಮ್ಮನ ಮಗನಿಗೆ ಆಗಿದ್ದು, ನಾನು ಗೇಟಿನ ಹೊರಗೆ ನಿಂತು ಕಿವಿಯಾರೆ ಕೇಳಿದ್ದು.

ಅವತ್ತು ಹೊಲಿಗೆ ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ನಡ್ಕೊಂಡು ಬರ್ತಿದ್ದೆ. ಹನ್ನೊಂದೂವರೆ ದಾಟಿತ್ತು. ನಮ್ಮ ಬೀದಿಗೆ ತಿರುಗೋ ಮೂಲೆಯಲ್ಲಿ ಒಂದು ಹಳೇ ಬಾವಿ ಇದೆ, ಮೇಲೆ ಕಬ್ಬಿಣದ ಜಾಲರಿ ಹಾಕಿದಾರೆ. ಅಲ್ಲಿಗೆ ಬರೋ ಹೊತ್ತಿಗೆ ಕೇಳಿಸ್ತು... ಚುಳಕ್... ಚುಳಕ್... ಚುಳಕ್. ಬಾವಿ ಒಳಗಿಂದ ಅಂದ್ಕೊಂಡೆ. ನಿಂತು ಕಿವಿಗೊಟ್ಟೆ... ಬಾವಿಯಿಂದಲ್ಲ. ಎದುರಿನ ಶೆಡ್ಡಿಂದ. ಗ್ರೀಸಣ್ಣನ ಶೆಡ್ಡು.

ಗ್ರೀಸಣ್ಣ ಅಂದ್ರೆ ಇವನೇ, ದೊಡ್ಡಮ್ಮನ ಮಗ. ಉಗುರಲ್ಲಿ ಗ್ರೀಸು ಇಲ್ಲದೆ ಅವನನ್ನ ನಾನು ನೋಡಿದ್ದು ಒಂದೇ ಸಲ, ಅವನ ಮದುವೆ ದಿನ. ಅವತ್ತೂ ಕಿವಿ ಹಿಂದೆ ಸ್ವಲ್ಪ ಇತ್ತು. ಸೆಕೆಂಡ್ ಹ್ಯಾಂಡ್ ಪಿಕಪ್ ಇಟ್ಕೊಂಡು ಜನರ ಮನೆ ಸಾಮಾನು ಸಾಗಿಸ್ತಿದ್ದ. ರಿಪೇರಿಯೆಲ್ಲಾ ತಾನೇ ಮಾಡೋನು. ತಾನೇ ಅಂದ್ರೆ, ಅವನೂ ಅತ್ತಿಗೆಯೂ.

ಗಾಡಿಯ ಹಿಂದಿನ ಎರಡು ಚಕ್ರದ ನಡುವೆ ಕುಂಬಳಕಾಯಿ ಥರ ಒಂದು ಕಬ್ಬಿಣದ ಗುಂಡು ಇರುತ್ತಲ್ಲ, ಡಿಫರೆನ್ಷಿಯಲ್ಲು, ಅದರ ಎಣ್ಣೆ ಆಗಾಗ ಬದಲಾಯಿಸ್ಬೇಕು. ಕೆಳಗಿನ ಪ್ಲಗ್ ಬಿಚ್ಚಿ ಹಳೇದು ಇಳಿಸೋದು, ಮೇಲಿನ ಪ್ಲಗ್ ಬಿಚ್ಚಿ ಹೊಸದು ತುಂಬೋದು. ಗಾಡಿ ತಂದ ಹೊಸದರಲ್ಲಿ ಈ ಮಹಾಶಯ ಕೆಳಗಿನದನ್ನೇ ಮೊದಲು ಬಿಚ್ಚಿ ಎಣ್ಣೆಯೆಲ್ಲಾ ಇಳಿಸಿಬಿಟ್ಟ. ಆಮೇಲೆ ನೋಡಿದ್ರೆ ಮೇಲಿಂದು ತುಕ್ಕು ಹಿಡಿದು ಜಪ್ಪಯ್ಯ ಅಂದ್ರೂ ಬರಲಿಲ್ಲ. ಗಾಡಿ ಮೂರು ದಿನ ನಿಂತಲ್ಲೇ ನಿಂತಿತ್ತು. ಅತ್ತಿಗೆ ನಕ್ಕಿದ್ದೇ ನಕ್ಕಿದ್ದು. ಅವತ್ತಿಂದ ಇವನು ಗಾಡಿ ಕೆಳಗೆ ತೂರಿದಾಗೆಲ್ಲಾ ಅವಳದು ಒಂದೇ ಪ್ರಶ್ನೆ, "ಮೇಲಿಂದು ಬಿಚ್ಚಿದ್ರಾ?"

ತುಂಬೋಕೆ ಇಬ್ಬರು ಬೇಕು. ಇವನು ಕೆಳಗೆ ಮಲಗಿ ಪೈಪು ಹಿಡ್ಕೊಳ್ಳೋನು, ಅತ್ತಿಗೆ ಚಕ್ರದ ಆಚೆ ನಿಂತು ಕ್ಯಾನಿನ ಕೈಪಂಪು ಒತ್ತೋಳು. ತುಂಬಿ ತುಳುಕಿದ ತಕ್ಷಣ ಇವನು "ಸಾಕು" ಅನ್ಬೇಕು. ಅನ್ನೋವರೆಗೂ ಅವಳು ನಿಲ್ಲಿಸ್ತಿರಲಿಲ್ಲ. "ನನಗೇನು ಕಾಣುತ್ತಾ? ಕೆಳಗಿರೋರು ನೀವು" ಅನ್ನೋಳು.

ಅಂಥ ಅತ್ತಿಗೆ ಹೋಗಿ ಎಂಟು ತಿಂಗಳಾಗಿತ್ತು.

ಹೋಗೋ ಮುಂಚೆ ಅವಳೇ ಹೇಳಿದ್ದಳು, "ಹಿಂದುಗಡೆ ಗುಂಯ್ ಅಂತಿದೆ, ಎಣ್ಣೆ ಬದಲಾಯಿಸೋಣ." ಇವನು ಮುಂದಿನ ವಾರ ನೋಡೋಣ ಅಂದ. ಮುಂದಿನ ವಾರ ಅವಳು ಆಸ್ಪತ್ರೆಯಲ್ಲಿದ್ದಳು. ಬೇಗ ಬನ್ನಿ ಅಂತ ಫೋನ್ ಬಂದಾಗ ಇವನು ಯಾರದೋ ಮಂಚ, ಬೀರು ಇಳಿಸಿ ದೂರದಿಂದ ಬರ್ತಿದ್ದ. ವೇಗ ಎತ್ತಿದ್ರೆ ಆ ಗುಂಡಿನೊಳಗೆ ಕಟಕಟ ಹಲ್ಲು ಕಡಿಯೋ ಸದ್ದು. ಗಾಡಿ ಇಪ್ಪತ್ತರ ಮೇಲೆ ಹೋಗಲಿಲ್ಲ. ಇವನು ವಾರ್ಡಿಗೆ ಕಾಲಿಟ್ಟಾಗ ಅವಳ ಮಂಚಕ್ಕೆ ಬೇರೆ ಬೆಡ್‌ಶೀಟ್ ಹಾಸ್ತಾ ಇದ್ರು. ಒಂದು ಮಾತೂ ಆಡೋಕಾಗಲಿಲ್ಲ.

ಅವತ್ತಿಂದ ಗಾಡಿ ಶೆಡ್ಡಲ್ಲೇ ಇತ್ತು. ಕೊನೆಗೆ ಒಬ್ಬ ಬಡಗಿ ಕೊಳ್ತೀನಿ ಅಂದ. ಎಣ್ಣೆ ಬದಲಾಯಿಸಿಡಿ, ನಾಳೆ ಬೆಳಗ್ಗೆ ಬರ್ತೀನಿ ಅಂದಿದ್ದ. ಆ ಬೆಳಗಿನ ಹಿಂದಿನ ರಾತ್ರಿಯೇ ನಾನು ಹೇಳ್ತಿರೋದು.

ಗೇಟಿನ ಸಂದಿಯಿಂದ ನೋಡಿದೆ. ಪಿಕಪ್ಪಿನ ಕೆಳಗಿಂದ ಗ್ರೀಸಣ್ಣನ ಎರಡು ಕಾಲು. ಪಕ್ಕದಲ್ಲಿ ಟಾರ್ಚು. ಪಂಪು ಚಕ್ರದ ಆಚೆ, ಕಾಣ್ತಿರಲಿಲ್ಲ. ಸದ್ದು ಮಾತ್ರ... ಚುಳಕ್... ಚುಳಕ್. ಯಾರನ್ನೋ ಸಹಾಯಕ್ಕೆ ಕರೆದಿದಾನೆ ಅಂತ ಸಮಾಧಾನ ಆಯ್ತು.

"ಅಣ್ಣಾ, ಯಾರಿದಾರೆ ಜೊತೆಗೆ?"

ಕೆಳಗಿಂದ ಪಿಸುಗುಟ್ಟಿದ. "ಶ್... ಮಾತಾಡ್ಬೇಡ."

"ಎಣ್ಣೆ ಚೆಲ್ತಾ ಇದೆ ಕಣೋ!"

"ಗೊತ್ತು... ಚೆಲ್ಲಲಿ."

ಟಾರ್ಚಿನ ಬೆಳಕಲ್ಲಿ ಎಣ್ಣೆ ಗೇಟಿನ ಕಡೆಗೆ ಹರಿದು ಬರ್ತಿತ್ತು. ಅವನ ಪ್ಯಾಂಟು ನೆನೆದಿತ್ತು. ಮುಖದ ಮೇಲೂ ಸುರೀತಿತ್ತೇನೋ. ಆದರೂ ಅವನು ಸಾಕು ಅಂತಿಲ್ಲ... ಆಗ ನನಗೆ ಹೊಳೀತು, ಆಚೆ ಪಂಪು ಒತ್ತುತ್ತಿರೋದು ಯಾರು ಅಂತ. ಗೇಟಿನ ಸರಳು ಹಿಡ್ಕೊಂಡೆ.

ಅವನು ಮೆಲ್ಲಗೆ ಮಾತಾಡ್ತಿದ್ದ, ನನ್ನ ಹತ್ರ ಅಲ್ಲ. "ಬರ್ತಾನೇ ಇದ್ದೆ ಕಣೇ... ಗಾಡಿ ಓಡಲಿಲ್ಲ... ನೀನು ಹೇಳಿದ ದಿನವೇ ಬದಲಾಯಿಸಿದ್ರೆ..."

ಪಂಪು ನಿಂತಿತು. ಒಂದು ಉಸಿರಿನಷ್ಟು ಹೊತ್ತು... ಮತ್ತೆ ಶುರುವಾಯ್ತು. ಚುಳಕ್... ಚುಳಕ್...

ಕ್ಯಾನು ಖಾಲಿಯಾಯ್ತು. ಸದ್ದು ಬದಲಾಯ್ತು. ಹುಸ್... ಹುಸ್... ಬರೀ ಗಾಳಿ. ಆದರೂ ನಿಲ್ಲಲಿಲ್ಲ. ಒಂದೊಂದು ಒತ್ತೂ ತಡವಾಗ್ತಾ ಬಂತು, ಸುಸ್ತಾದ ಕೈಯಿಂದ ಬಂದ ಹಾಗೆ. ಕೊನೆಕೊನೆಗೆ ಅತ್ತಿಗೆಗೆ ನೀರಿನ ಲೋಟವೂ ಭಾರ ಆಗ್ತಿತ್ತು. ಅದು ನೆನಪಾಗಿ ನನ್ನ ಹೆದರಿಕೆಯೆಲ್ಲಾ ಎಲ್ಲಿ ಹೋಯ್ತೋ. ಅಳು ಬಂತು.

"ಅಣ್ಣಾ... ಅವಳಿಗೆ ಕೈ ನೋಯುತ್ತೋ. ಹೇಳಿಬಿಡೋ."

ಹುಸ್...

ಹುಸ್...

"ಸಾಕು" ಅಂದ.

ನಿಂತುಹೋಯ್ತು.

ಆಸ್ಪತ್ರೆಯಲ್ಲಿ ಒಂದು ಹನಿ ಕಣ್ಣೀರೂ ಹಾಕದೇ ಇದ್ದವನು ಅವತ್ತು ಆ ಗಾಡಿಯ ಕೆಳಗೆ ಮಗುವಿನ ಥರ ಅತ್ತ. ಗೇಟು ತೆಗೆದು ಹೋಗಿ ಅವನ ಪಾದ ಹಿಡ್ಕೊಂಡು ಕೂತೆ, ಅಷ್ಟೇ. ತುಂಬಾ ಹೊತ್ತಾದ ಮೇಲೆ ಹೊರಗೆ ತೆವಳಿ ಬಂದ. ತಲೆಯಿಂದ ಕಾಲಿನವರೆಗೂ ಎಣ್ಣೆ.

"ಕೆಳಗಿನ ಪ್ಲಗ್‌ಗೆ ಸ್ಪ್ಯಾನರ್ ಹಾಕಿದ್ದೆ," ಅಂದ. "ಆಗ್ಲೇ ಕೇಳಿದ್ಲು."

"ಏನಂತ?"

"ಇನ್ನೇನು ಕೇಳ್ತಾಳೆ..." ಅಂದ. ಎಣ್ಣೆ ಮೆತ್ತಿದ ಬೆರಳಲ್ಲಿ ಮೇಲಿನ ಪ್ಲಗ್ ಕಡೆ ತೋರಿಸಿದ.

ಬೆಳಗ್ಗೆ ಬಡಗಿ ಬಂದು ಗಾಡಿ ತಗೊಂಡು ಹೋದ. ಗುಂಯ್ ಅನ್ನೋ ಸದ್ದೇ ಇರಲಿಲ್ಲ. ಬೀದಿ ತಿರುಗೋವರೆಗೂ ಗ್ರೀಸಣ್ಣ ಅದರ ಹಿಂಭಾಗವನ್ನೇ ನೋಡ್ತಾ ನಿಂತಿದ್ದ.

ಗಾಡಿ ಹೋದ ಮೇಲೆ ಶೆಡ್ಡಿನ ನೆಲ ಕಾಣ್ತು. ಸಿಮೆಂಟೆಲ್ಲಾ ಎಣ್ಣೆ ಕುಡಿದು ಕಪ್ಪಾಗಿತ್ತು. ಕ್ಯಾನು ಇಟ್ಟಲ್ಲೇ ಇತ್ತು. ಅದರ ಮುಂದೆ, ಅಕ್ಕಪಕ್ಕ, ಎರಡು ಕಡೆ ಮಾತ್ರ ಎಣ್ಣೆ ತಾಗಿರಲಿಲ್ಲ. ಎರಡು ಪಾದದಷ್ಟು ಜಾಗ, ಒಣಗಿ ಬೆಳ್ಳಗಿತ್ತು. ಸುತ್ತಲೂ ಹರಿದಿದೆ, ಅಲ್ಲಿಗೆ ಹೋಗಿಲ್ಲ.

ಸುಳ್ಳು ಅನ್ನೋರು ನಾಳೆ ಹಗಲಲ್ಲೇ ಬನ್ನಿ, ತೋರಿಸ್ತೀನಿ. ಗ್ರೀಸಣ್ಣ ಅಲ್ಲಿ ಒಂದು ಮೊಳೆ ಡಬ್ಬಿಯನ್ನೂ ಇಡೋಕೆ ಬಿಡಲ್ಲ. ಅತ್ತಿಗೆಯ ಚಪ್ಪಲಿ ನಾನು ಎಷ್ಟೋ ಸಲ ಮೆಟ್ಟಿದೀನಿ, ನನಗೆ ಚಿಕ್ಕದು, ಹಿಮ್ಮಡಿ ಒಂದು ಬೆರಳು ಹೊರಗೇ ಇರೋದು. ಅವತ್ತು ಅವನು ಮುಖ ತೊಳೆಯೋಕೆ ಹೋದಾಗ ಆ ಬೆಳ್ಳಗಿನ ಜಾಗದಲ್ಲಿ ನನ್ನ ಕಾಲಿಟ್ಟು ನೋಡಿದೆ... ಹಿಮ್ಮಡಿ ಒಂದು ಬೆರಳು ಹೊರಗೇ ಉಳೀತು.