ಮಾರ್ಟಿನಾ ಹುಟ್ಟಿದ ಮನೆ

ವೇದಿಕೆಯ ದೊಡ್ಡ ಕುರ್ಚಿಯಲ್ಲಿ ಕೂತಿರುವ ನಮ್ಮ ಕನ್ನಡ ಬಳಗದ ಅಧ್ಯಕ್ಷರಾದ ಶಾಮಸುಂದರ ಅವರೇ, ಅಬುಧಾಬಿಯಿಂದ ಬಂದಿರುವ ಮುಖ್ಯ ಅತಿಥಿ ಡಾಕ್ಟರ್ ಶ್ರೀನಿಧಿಯವರೇ, ಹಿರಿಯರಾದ ಅಂಬುಜಮ್ಮನವರೇ, ಇಂದು ನಮ್ಮಿಂದ ಬೀಳ್ಕೊಳ್ಳುತ್ತಿರುವ ಆನ್ಸೆಲ್ಮ್ ಮತ್ತು ಮಾರ್ಟಿನಾ ಅವರೇ, ಹಿಂದಿನ ಬಾಗಿಲಿನಿಂದ ಬಿಸಿಬೇಳೆಭಾತಿನ ಪರಿಮಳ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ,

ನನಗೆ ಪ್ರಾಸದ ಚಟ. ಕನ್ನಡ ಮಾಧ್ಯಮದ ಬಿ.ಎ. ಪದವೀಧರನಿಗೆ ದುಬೈಯಲ್ಲಿ ಉಳಿದಿರುವ ಆಸ್ತಿ ಅದೊಂದೇ. ಇಲ್ಲಿನ ಕರಾಮ ಬಡಾವಣೆಯ ಬಗ್ಗೆ ‘ಕರಾಮದಲ್ಲಿ ಆರಾಮ, ಪಾರ್ಕಿಂಗ್ ಹುಡುಕಿದರೆ ರಾಮರಾಮ’ ಎಂದು ನಾನು ಪ್ರತಿ ವರ್ಷ ಹೇಳುತ್ತೇನೆ, ನೀವು ಪ್ರತಿ ವರ್ಷ ನಗುತ್ತೀರಿ. ನಿಮ್ಮ ಔದಾರ್ಯ ದೊಡ್ಡದು. ಇವತ್ತು ಮಾತ್ರ ಪ್ರಾಸ ಕೂಡಿಬರುತ್ತಿಲ್ಲ. ಕ್ಷಮಿಸಿ.

ಮೂಡುಬಿದಿರೆಯ ಆನ್ಸೆಲ್ಮ್ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿಯುತ್ತಿದ್ದವರು. ದಕ್ಷಿಣ ಅಮೆರಿಕದ ಯಾವುದೋ ಬಂದರಿನಲ್ಲಿ ಮಾರ್ಟಿನಾರನ್ನು ಕಂಡರು, ಮೆಚ್ಚಿದರು, ಮದುವೆಯಾದರು, ಇಲ್ಲಿಗೆ ಕರೆತಂದರು. ಆಕೆ ಕನ್ನಡ ಕಲಿತರು, ಕೋಲಾಟ ಕಲಿತರು, ನೀರ್ ದೋಸೆ ಕಲಿತರು. ನಾವು ಏನು ಕಲಿತೆವು? ಪ್ರತಿ ರಾಜ್ಯೋತ್ಸವದಲ್ಲೂ ಇದೇ ಮೈಕಿನಿಂದ ‘ನಮ್ಮ ಬ್ರೆಜಿಲ್ ಸೊಸೆ!’ ಎಂದು ಕರೆಯುತ್ತಿದ್ದೆವು. “ಬ್ರೆಜಿಲ್ ಅಲ್ಲ ಮಾರಾಯ್ರೆ, ಬೊಲಿವಿಯಾ!” ಎಂದು ಆಕೆ ಕೆಳಗಿನಿಂದ ಕೂಗುತ್ತಿದ್ದರು. ಸಭೆಗೆ ಚಪ್ಪಾಳೆ ತಟ್ಟುವ ಸಂಭ್ರಮ. ಮುಂದಿನ ವರ್ಷ ಮತ್ತೆ ಬ್ರೆಜಿಲ್.

ಆಕೆಯನ್ನು ಮಾತನಾಡಿಸಲೇ ಇಲ್ಲ ಎನ್ನುವಂತಿಲ್ಲ. “ಏನಮ್ಮ ಮಾರ್ಟಿನಾ, ಏನಾದರೂ ವಿಶೇಷ?” ಎಂದು ಎಲ್ಲರೂ ಕೇಳುತ್ತಿದ್ದರು. “ಎಂಥದ್ದೂ ಇಲ್ಲ. ಇದ್ದರೆ ನಿಮಗೇ ಮೊದಲು ಹೇಳುವುದು” ಎಂದು ಆಕೆ ನಗುತ್ತಿದ್ದರು. ಆ ಪ್ರಶ್ನೆಯ ಬಿಸಿ ನನಗೆ ಗೊತ್ತಿಲ್ಲದ್ದೇನಲ್ಲ. ಮಗ ನಿಖಿಲ್ ಹುಟ್ಟುವವರೆಗೆ ನನ್ನ ಹೆಂಡತಿ ಪ್ರಾರ್ಥನಾ, ನೆಂಟರ ಮದುವೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಳು. ನಿಖಿಲನಿಗಿಂತ ಮೊದಲು ನಮಗೊಂದು... ಇರಲಿ. ಅದು ಈ ವೇದಿಕೆಯ ವಿಷಯವಲ್ಲ.

ಹೋದ ವರ್ಷ, ಅಂದರೆ 2003ರ ರಾಜ್ಯೋತ್ಸವ ನೆನಪಿದೆಯಲ್ಲ? ಕೋಲಾಟದ ನಡುವೆ ಮಾರ್ಟಿನಾ ಕುಸಿದು ಬಿದ್ದರು. ಮದುವೆಯಾದ ಹೆಣ್ಣು ತಲೆ ಸುತ್ತಿ ಬಿದ್ದರೆ ನಮ್ಮಲ್ಲಿ ಬೇರೆ ಕಾರಣ ಹುಡುಕುವ ಪದ್ಧತಿಯೇ ಇಲ್ಲ. ಅಂಬುಜಮ್ಮ ಕೈ ಹಿಡಿದು ನೋಡಿ, “ನಾಡಿ ಎಷ್ಟು ನಿಧಾನ, ಎಷ್ಟು ಗಂಭೀರ! ಸಿಹಿ ಹಂಚ್ರೋ!” ಎಂದರು. ಬಸುರಿಯ ನಾಡಿ ಚುರುಕಾಗುತ್ತದೆಯೇ ಹೊರತು ನಿಧಾನವಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದು ಆಮೇಲೆ. ಅಮ್ಮಾ, ದಯವಿಟ್ಟು ತಲೆ ತಗ್ಗಿಸಬೇಡಿ. ಸಿಹಿ ತಿಂದವರು ನಾವೆಲ್ಲರೂ.

ಆನ್ಸೆಲ್ಮ್ ಒಬ್ಬರೇ “ಯಲ್ಲಾ, ನಡೀರಿ, ಆಸ್ಪತ್ರೆಗೆ ಹೋಗುವ” ಎಂದದ್ದು. “ಸುಮ್ಮನಿರಪ್ಪ, ಮೊದಲ ತಿಂಗಳಲ್ಲಿ ಹೀಗೆಲ್ಲ ಆಗುತ್ತೆ” ಎಂದು ಅವರ ಬಾಯಿ ಮುಚ್ಚಿಸಲಾಯಿತು. ಆಕೆಗೂ ಮುಟ್ಟು ತಡವಾಗಿತ್ತಂತೆ. ಆಕೆಯೂ ನಂಬಿದರು. ನಮ್ಮ ಹೆಂಗಸರು ಕರಾಮವೆಲ್ಲ ಸುತ್ತಿ ಹಸಿರು ಗಾಜಿನ ಬಳೆ ತಂದು ತೊಡಿಸಿದರು.

ಕೆಲವೇ ವಾರಗಳಲ್ಲಿ ಅಲ್ ನಹ್ದಾದ ತಮ್ಮ ಮನೆಯ ಮೆಟ್ಟಿಲಲ್ಲಿ ಆಕೆ ಮತ್ತೆ ಬಿದ್ದರು. ಈ ಸಲ ಆನ್ಸೆಲ್ಮ್ ಯಾರನ್ನೂ ಕೇಳದೆ ಅಬುಧಾಬಿಗೆ, ಶ್ರೀನಿಧಿಯವರ ಬಳಿಗೆ ಕರೆದೊಯ್ದರು. ಬಸುರಲ್ಲ ಎಂದು ತಿಳಿಯಿತು. ಇಸಿಜಿ ತೆಗೆದರು. ಹೃದಯದ ಮೇಲಿನ ಕೋಣೆ ಕಳಿಸಿದ ಸುದ್ದಿ ಕೆಳಗಿನ ಕೋಣೆಗೆ ತಲುಪುತ್ತಲೇ ಇರಲಿಲ್ಲ. ಕೆಳಗಿನದು ತನ್ನ ಪಾಡಿಗೆ ತಾನು, ಮೆಲ್ಲಗೆ, ಹೇಗೋ ಮಿಡಿಯುತ್ತಿತ್ತು.

ಆಗ ಡಾಕ್ಟರು ಕೇಳಿದರಂತೆ: “ನೀವು ಹುಟ್ಟಿದ ಮನೆ ಹೇಗಿತ್ತಮ್ಮ?”

ಮಾರ್ಟಿನಾ ಅತ್ತುಬಿಟ್ಟರಂತೆ. “ಈ ಊರಿಗೆ ಬಂದ ಮೇಲೆ ನನ್ನ ಮನೆ ಹೇಗಿತ್ತು ಅಂತ ಕೇಳಿದ್ದು ನೀವೇ ಮೊದಲು” ಎಂದರಂತೆ. ಮಣ್ಣಿನ ಗೋಡೆ, ಹುಲ್ಲಿನ ಸೂರು. ಗೋಡೆಯ ಬಿರುಕಿನಲ್ಲಿ ಒಂದು ಜಾತಿಯ ತಿಗಣೆ. ಅದು ಮಲಗಿದ ಮಕ್ಕಳ ಮುಖ ಕಚ್ಚಿ ರಕ್ತ ಹೀರುತ್ತದೆ, ಅದರಿಂದ ಮೈಸೇರಿದ ರೋಗಾಣು ಹತ್ತಾರು ವರ್ಷ ಸದ್ದಿಲ್ಲದೆ ಇದ್ದು ಹೃದಯದ ತಂತಿಗಳನ್ನೇ ತಿಂದುಬಿಡಬಹುದು. ಚಾಗಸ್ ಕಾಯಿಲೆ. ರಕ್ತದ ಮಾದರಿ ಹೊರದೇಶಕ್ಕೆ ಹೋಯಿತು, ವರದಿ ಬಂತು, ಡಾಕ್ಟರ ಅನುಮಾನ ನಿಜವಾಯಿತು. ಭುಜದ ಕೆಳಗೆ ಪೇಸ್‌ಮೇಕರ್ ಇಟ್ಟರು. ಅದು ತಾಳ ತಪ್ಪಲು ಬಿಡುವುದಿಲ್ಲ, ಆದರೆ ದಣಿದ ಹೃದಯಕ್ಕೆ ಬಲ ಕೊಡುವುದಿಲ್ಲ. ಆ ಹೃದಯ ಇನ್ನು ಬಸಿರನ್ನು ತಾಳುವುದಿಲ್ಲ.

ಕೋಲಾಟದ ದಿನವೇ ಕೇಳಿದ್ದರೆ? ಹತ್ತು ವರ್ಷದ ಹಿಂದೆಯೇ ಕೇಳಿದ್ದರೆ? ಡಾಕ್ಟರು ದೊಡ್ಡ ಮನಸ್ಸಿನಿಂದ “ಹೇಳಲಾಗದು” ಎನ್ನುತ್ತಾರೆ. ಆದರೆ ಒಬ್ಬ ಹೆಣ್ಣುಮಗಳ ಕೈತುಂಬ ಬಳೆ ತೊಡಿಸಿ ಆಸೆ ಹುಟ್ಟಿಸಿದ್ದು ಯಾವ ತಿಗಣೆಯೂ ಅಲ್ಲವಲ್ಲ.

ಈ ಕಾಯಿಲೆಯನ್ನು ಬಲ್ಲ ಡಾಕ್ಟರುಗಳು ಹೆಚ್ಚಾಗಿರುವುದು ಆಕೆಯ ನಾಡಿನಲ್ಲೇ. ಹಾಗಾಗಿ ಇಬ್ಬರೂ ಬೊಲಿವಿಯಾಕ್ಕೆ ಹೊರಟಿದ್ದಾರೆ. ಅಲ್ಲಿಯವರು ನಮ್ಮ ಆನ್ಸೆಲ್ಮ್‌ರನ್ನು ‘ಪಾಕಿಸ್ತಾನದ ಅಳಿಯ’ ಎಂದು ಕರೆಯದಿರಲಿ.

ಊರು ಬಿಡುವ ಹೆಣ್ಣುಮಕ್ಕಳಿಗೆ ಮಡಿಲು ತುಂಬಿ ‘ಮುಂದಿನ ಸಲ ಮೂವರಾಗಿ ಬನ್ನಿ’ ಎಂದು ಹರಸುವುದು ನಮ್ಮ ಬಳಗದ ರೂಢಿ. ಈ ಸಲ ಬೇಡವೇ ಬೇಡ ಎಂದು ಕಮಿಟಿಯಲ್ಲಿ ವಾದವಾಯಿತು. ಕೊನೆಗೆ ಮಾರ್ಟಿನಾರನ್ನೇ ಕೇಳಿದೆವು. ಕೇಳುವುದನ್ನು ಈಗೀಗ ಕಲಿಯುತ್ತಿದ್ದೇವೆ. “ಅಕ್ಕಿ ಕೊಡಿ, ತೆಂಗಿನಕಾಯಿ ಕೊಡಿ. ಮಾತು ಬೇಡ” ಎಂದರು. ಹಸಿರು ಬಳೆಗಳು ಇನ್ನೂ ಆಕೆಯ ಕೈಯಲ್ಲಿವೆ. ಅವನ್ನು ಯಾಕೆ ತೆಗೆದಿಲ್ಲ ಎಂದು ಮಾತ್ರ ಯಾರೂ ಕೇಳಬೇಡಿ.

ಈಗ ಅಂಬುಜಮ್ಮ ಸುಮ್ಮನೆ ಮಡಿಲು ತುಂಬುತ್ತಾರೆ. ಆಮೇಲೆ ಈ ಮೈಕು ಮಾರ್ಟಿನಾ ಅವರದು. ಆ ಮಣ್ಣಿನ ಮನೆಯ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಹೇಳಲಿ. ಬಿಸಿಬೇಳೆಭಾತ್ ಆರಿದರೆ ಆರಲಿ.

ಇಷ್ಟು ಹೊತ್ತು ತಾಳಿಕೊಂಡ ನಿಮಗೆಲ್ಲ ಕೃತಜ್ಞತೆ. ಬೊಲಿವಿಯಾದ ಮಾರ್ಟಿನಾ ಅವರೇ, ಮೇಲೆ ಬನ್ನಿ.

ನಮಸ್ಕಾರ.