ಟರ್ಮಿನಲ್ಲಿನ ಮೊದಲನೇ ಸಾಲು

…ಬೈಲಿ ಬಿಡು ನಿಮ್ಮವ್ವ. ಗಂಡನ ಹೆಸರು ಹಿಡದು ಕರದಿ ಅಂತ ಸಿಟ್ಟು ಆಕಿಗಿ. ನಾನೂ ಒಮ್ಮೆ ನಿಮ್ಮಜ್ಜನ ಹೆಸರು ಅಂದೇನಿ, ಮಂದಿ ಮುಂದ, ಟರ್ಮಿನಲ್ ಮುಂದ ಕುಂತು. ಟರ್ಮಿನಲ್ ಅಂದ್ರ ನಿಮ್ಮ ಈಗಿನ ಕಂಪ್ಯೂಟರ್ ಅಲ್ಲವ್ವ, ಅದಕ್ಕ ತನ್ನದಂತ ಬುದ್ಧಿ ಇರ್ಲಿಲ್ಲ. ಕರೇ ಪರದಿ, ಹಸಿರು ಅಕ್ಷರ. ದೊಡ್ಡ ಕಂಪ್ಯೂಟರ್ ಎಲ್ಲೋ ದೂರದ ಶಹರದಾಗ. ನಾವು ಇಲ್ಲಿ ಒತ್ತಿದ್ರ ಅದು ಅಲ್ಲಿಂದ ಹೇಳ್ತಿತ್ತು, ಸೀಟದ, ಸೀಟಿಲ್ಲ ಅಂತ. ಲೈನ್ ಹೋತಂದ್ರ ಸುಮ್ನ ಕೂಡೋದು.

ನಿಮ್ಮಜ್ಜ ಹೋದಮ್ಯಾಲ ಅವರ ನೌಕರಿ ನನಗ ಕೊಟ್ರು, ಕಲಬುರ್ಗಿ ಸ್ಟೇಷನ್ನಿನ ರಿಸರ್ವೇಷನ್ ಕೌಂಟರ್. ನರೋಣಾದಿಂದ ಬಸ್ಸಿಗಿ ಹೋಗ್ತಿದ್ದೆ, ಅಲ್ಲ, ಮೊದಲ ಆಳಂದದಿಂದ, ನರೋಣಾ ಆಮ್ಯಾಲ. ಅವರ ಕುರ್ಚಿ, ಅವರ ಟರ್ಮಿನಲ್. ಅಳು ಬರ್ತಿರ್ಲಿಲ್ಲ, ಏನೂ ಬರ್ತಿರ್ಲಿಲ್ಲ. ಕೈ ಒತ್ತತಿತ್ತು, ಟಿಕೀಟು ಬರ್ತಿತ್ತು. ದೊಡ್ಡ ಕಂಪ್ಯೂಟರಿಗಿ ನನ್ನ ಹೆಸರು ಇನ್ನೂ ಏರಿರ್ಲಿಲ್ಲ, ಅವರ ಹೆಸರಿನ ಮ್ಯಾಲನ ಕೆಲಸ. ಚಾಲೂ ಮಾಡಿದ್ರ ಮೊದಲನೇ ಸಾಲಿನ್ಯಾಗ ಅವರ ಹೆಸರು.

ಒಂದಿನ ಪರೀಕ್ಷಾ ತಗೊಳ್ಳಾಕ ಸಾಹೇಬರು ಬಂದ್ರು. ಪಾಸಾದ್ರ ನೌಕರಿ ಖಾಯಂ, ಇಲ್ಲಂದ್ರ ಮನಿಗಿ. ನಿಮ್ಮಪ್ಪ ಆಗಿನ್ನೂ ಸಾಲಿಗಿ ಹೋಗಾಂವ. ಪರದಿ ಮ್ಯಾಲ ಇದ್ದದ್ದೆಲ್ಲ ಓದ್ರಿ ಅಂದ್ರು. ನಾ ಎರಡನೇ ಸಾಲಿಂದ ಶುರು ಮಾಡಿದೆ.

"ಮ್ಯಾಲಿಂದ ಓದ್ರಿ."

ಮತ್ತ ಎರಡನೇ ಸಾಲಿಂದನ ಓದಿದೆ.

"ಇಂಗ್ಲಿಷ್ ಬರಂಗಿಲ್ಲೇನ್ರಿ?"

"ಬರ್ತದ್ರಿ."

"ಮತ್ತ?"

ನಮ್ಮಾಗ ಗಂಡನ ಹೆಸರು ಹೇಳ್ತಿರ್ಲಿಲ್ಲ, ಗೊತ್ತದಲ್ಲ. ಕರೀಬೇಕಂದ್ರ 'ಏನ್ರಿ', ಮಂದಿ ಕೇಳಿದ್ರ 'ನಮ್ಮನಿಯವ್ರು'. ಮಗ್ಗಲ ಕೌಂಟರಿನ ಜಗದೇವಿ, ಬಾಯಿ ಜೋರು ಆಕೀದು, ಅದು ಆಕಿ ಗಂಡನ ಹೆಸರ್ರಿ, ಬೇಕಾದ್ರ ನಾ ಓದ್ತೇನಿ, ನನ್ನ ಗಂಡಂದೇನಲ್ಲ ಅಂದ್ಲು. ಪರೀಕ್ಷಾ ಇವರದು, ಇವರ ಓದಬೇಕು ಅಂದ್ರು ಸಾಹೇಬರು. ಅವರಿಗೇನು ಸಿಟ್ಟಿರ್ಲಿಲ್ಲ, ತಮ್ಮ ಕೆಲಸ ಮಾಡಿದ್ರು.

"ಶರಣಬಸಪ್ಪ" ಅಂದೆ.

ಏನೋ ಆಗ್ತದ ಅನ್ಕೊಂಡಿದ್ದೆ. ಏನೂ ಆಗ್ಲಿಲ್ಲ. ಪಾಳೇದಾಗ ನಿಂತವರೊಬ್ಬರು ಸೋಲಾಪುರಕ್ಕ ಸೀಟದೇನ್ರಿ ಅಂತ ಕೇಳಿದ್ರು. ಉಳಿದ ಸಾಲೂ ಓದಿದೆ.

ಖಾಯಂ ಆತು. ಮುಂದ ನನ್ನ ಹೆಸರು ಏರ್ತು, ಅವರದು ತಗದ್ರು. ಆದ್ರ ಅಷ್ಟು ವರ್ಷ ಆ ಅಕ್ಷರ ಒಂದ ಜಾಗಾದಾಗ ಉರದು ಉರದು ಪರದಿ ಗಾಜಿಗಿ ಕಲಿ ಬಿದ್ದಿತ್ತು ನೋಡು. ಸಂಜಿಗಿ ಬಂದ್ ಮಾಡಿದ್ರೂ ಅವರ ಹೆಸರು ಮಸಕಾಗಿ ಕಾಣ್ತಿತ್ತು. ಹೊಸಾ ಮಷೀನು ಬರೋತನಕ ದಿನಾ ಬಂದ್ ಮಾಡೋದು, ಒಮ್ಮೆ ಬಾಯಿಬಿಟ್ಟು ಓದೋದು, ಬಸ್ಸಿಗಿ ಹೋಗೋದು. ಗಾಜು ಏನು ಓ ಅಂತದ?

ಓ ಅನ್ನಾಂವ ಇದ್ದಾಗ ಕರೀಬೇಕವ್ವ. ಹೋಗು, ರೊಟ್ಟಿ ಆರಾಕತ್ತಾವ, ನಿನ್ನ ಗಂಡಗ ಹೆಸರು ಹಿಡದು ಕೂಗು.