ಐಸಾಕನ ಅಂಗಿಗೆ ಹಚ್ಚಿದ ಅರಿಶಿನ

ಅಲ್ಲಪ್ಪ, ಇದು ನಾನು ಕಟ್ಟಿದ ಕಥೆ ಅಲ್ಲ, ನನಗೆ ಮೊದಲು ಹೇಳಿದ್ದು ಈ ಬೇಲಿ ಆಚೆ ಮನೆಯ ಲೋರೆನ್ ಅಜ್ಜಿ, ಅವರಿಗೆ ಹೇಳಿದ್ದು ಅವರಪ್ಪ ಐಸಾಕ್, ಆ ಅಂಗಿ ತೊಟ್ಟ ಹುಡುಗನೇ. ಅದ್ವೈತ, ನೀನಾಗ ಎರಡನೇ ಕ್ಲಾಸು, ಮುಂದಿನ ಹಲ್ಲು ಬಿದ್ದಿತ್ತು. ತಾನ್ಯಾ, ನೀನು ತೊಟ್ಟಿಲಲ್ಲಿ. ನಿಮ್ಮಮ್ಮನ ಬಾಣಂತನಕ್ಕೆ ಅಂತಲೇ ನಾನೂ ನಿಮ್ಮಜ್ಜಿಯೂ ಈ ಅಮೆರಿಕಕ್ಕೆ ಬಂದಿದ್ದು, ಆರು ತಿಂಗಳು ಇದ್ದು ಹೋಗೋಣ ಅಂತ. ವಿಮಾನ ನಿಂತುಹೋಯ್ತು. ಅಂಗಡಿ ಬಾಗಿಲು ಹಾಕಿತು, ದೇವಸ್ಥಾನದ ಬಾಗಿಲೂ ಹಾಕಿತು, ನೋಡು, ದೇವರ ಬಾಗಿಲು ಹಾಕಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ನಿಮ್ಮಪ್ಪ ಕೊರೋನಾ ಬಂದು ಮೇಲಿನ ರೂಮಲ್ಲಿ ಕೆಮ್ಮುತ್ತಾ ಮಲಗಿದ್ದ, ಊಟದ ತಟ್ಟೆ ಬಾಗಿಲ ಹತ್ತಿರ ಇಟ್ಟು ಹಿಂದಕ್ಕೆ ಸರಿಯಬೇಕು, ಮಗನ ಮುಖ ಕೂಡ ನೋಡೋ ಹಾಗಿಲ್ಲ. ಈ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಸುತ್ತ ನಮ್ಮ ಕನ್ನಡದೋರು ಇಷ್ಟು ಜನ ಇದ್ದಾರಲ್ಲ, ಪಾಪ, ಅವರೂ ಹೆದರಿಕೊಂಡಿದ್ರು, ಯಾರೂ ಬರೋ ಹಾಗಿರಲಿಲ್ಲ. ಬಂದೋರು ಅಂದ್ರೆ ಲೋರೆನ್ ಅಜ್ಜಿ ಒಬ್ಬರೇ. ತೊಂಬತ್ತರ ಹತ್ತಿರದ ಮುದುಕಿ, ಕೋಲು ಊರಿಕೊಂಡು ಬಂದು ಮೆಟ್ಟಿಲ ಮೇಲೆ ಹುರುಳಿಕಾಯಿ ಬೇಯಿಸಿದ ಪಾತ್ರೆ ಇಟ್ಟು, ಬೇಲಿ ಹತ್ತಿರ ನಿಂತು ನನ್ನನ್ನ ಕೂಗೋರು, "ಮಿಸ್ಟರ್ ಶಿವಾ! ನೋ ಹ್ಯಾಮ್! ಐ ಪ್ರಾಮಿಸ್!" ಅಂತ. ಇಲ್ಲಿಯೋರು ಹುರುಳಿಕಾಯಿಗೂ ಹಂದಿಮಾಂಸ ಹಾಕಿ ಬೇಯಿಸ್ತಾರಂತೆ, ನಾವು ತಿನ್ನೋಲ್ಲ ಅಂತ ತಿಳಿದು ನಮಗೇ ಬೇರೆ ಪಾತ್ರೆ ಇಟ್ಟುಕೊಂಡಿದ್ರು. ಆ ಪಾತ್ರೇನ ನಾನು ಮರೆಯೋಲ್ಲ.

ಹಾಂ, ಅಂಗಿ. ಅಂಗಿಗೆ ಬರ್ತೀನಿ. ನಿಮ್ಮಪ್ಪ ಚೇತರಿಸಿಕೊಂಡು ಕೆಳಗೆ ಇಳಿದ ಮೇಲೆ, ಅಲ್ಲ, ಇಳಿದ ವಾರವೇ, ಅದ್ವೈತನ ಕಂಪ್ಯೂಟರ್ ಸ್ಕೂಲಿನಲ್ಲಿ ಒಂದು ವೇಷ ಹಾಕೋ ದಿನ ಬಂತು. ನೂರು ವರ್ಷದ ಹಿಂದಿನ ಮಗು ಹೇಗಿತ್ತು, ಹಾಗೆ ಬಟ್ಟೆ ಹಾಕಿಕೊಂಡು ಕ್ಯಾಮೆರಾ ಮುಂದೆ ಕೂತು ಮಾತಾಡಬೇಕು. ನಿಮ್ಮಮ್ಮ ಸ್ಮಿತಾ ಬೇಲಿ ಹತ್ತಿರ ನಿಂತು, "ಮಿಸ್ ಲೋರೆನ್, ಆನ್‌ಲೈನ್‌ನಲ್ಲಿ ಸಸ್ಪೆಂಡರ್ ಆರ್ಡರ್ ಮಾಡ್ತಿದೀನಿ" ಅಂದಳು. ಆಕೆ ನಕ್ಕುಬಿಟ್ಟರು. "ನಾಟಕದ ಬಟ್ಟೆ ಯಾಕಮ್ಮಾ? ನನ್ನ ಹತ್ತಿರ ನಿಜವಾದ್ದೇ ಇದೆ" ಅಂದರು. ಆವತ್ತೇ ಕಥೆ ಹೇಳಿದ್ದು, ಅವರು ಆ ಕಡೆ ಕುರ್ಚಿ ಹಾಕಿಕೊಂಡು, ನಾವು ಈ ಕಡೆ. ಅವರು ಒಂದು ಮಾತು ಹೇಳಿ ನಿಲ್ಲಿಸೋರು, ಸ್ಮಿತಾ ಅದನ್ನ ನಮಗೆ ಕನ್ನಡದಲ್ಲಿ ಹೇಳೋಳು.

ಐಸಾಕ್ ಹುಡುಗನಾಗಿದ್ದಾಗ ಇದೇ ಕ್ಯಾರೊಲೈನಾದ ಒಂದು ಸಣ್ಣ ಊರು. ಇವರು ಕಪ್ಪು ಜನ. ಊರಿಗೆಲ್ಲ ಒಂದೇ ಅಂಗಡಿ. ಆ ಅಂಗಡಿಯಲ್ಲಿ ಬಿಳಿಯರ ಹುಡುಗ ಅಂಗಿ ಹಾಕಿಕೊಂಡು ನೋಡಬಹುದು, ಇವನು ಮುಟ್ಟೋ ಹಾಗಿಲ್ಲ. ಒಂದು ಸಲ ಮುಟ್ಟಿದ. ಮುಟ್ಟಿದ್ದು ಅಷ್ಟೇ, ತೋಳು ಎಷ್ಟು ಉದ್ದ ಇದೆ ಅಂತ. ಅಂಗಡಿಯೋನು, "ಇನ್ನು ಅದನ್ನ ಯಾರು ತಗೋತಾರೆ? ಕೊಳೆ ಮಾಡಿಬಿಟ್ಟೆ" ಅಂತ ಜನರ ಮುಂದೆ ಅಂದನಂತೆ. ಹುಡುಗನ ಕೈ ತೊಳೆದು ಶುಭ್ರವಾಗಿತ್ತು, ಗೊತ್ತಾ? ಅವನ ತಾಯಿ ಕೈ ಹಿಡಿದು ಮನೆಗೆ ಕರಕೊಂಡು ಬಂದಳು. ಆಗ ಅಂಚೆಯಲ್ಲಿ ಸಾಮಾನು ಕಳಿಸೋ ಕಂಪನಿಗಳ ಪುಸ್ತಕ ಮನೆಮನೆಗೂ ಬರ್ತಿತ್ತಂತೆ, ಕ್ಯಾಟಲಾಗ್, ಇಟ್ಟಿಗೆಯಷ್ಟು ದಪ್ಪ. ನೇಗಿಲು ಅದರಲ್ಲೇ, ಒಲೆ ಅದರಲ್ಲೇ, ಹುಡುಗರ ಅಂಗಿಯೂ ಅದರಲ್ಲೇ. ಬಾಚಿದ ತಲೆಯ ಹುಡುಗರು ಸಾಲಾಗಿ ನಿಂತ ಚಿತ್ರ, ಹೆಗಲ ಮೇಲೆ ಎರಡು ಪಟ್ಟಿ, ಅದೇ ಸ್ಮಿತಾ ಹೇಳಿದ ಸಸ್ಪೆಂಡರ್, ಪಟ್ಟಿ ತುದಿಗೆ ಚರ್ಮ, ಆ ಚರ್ಮದ ತೂತಿಗೆ ಚಡ್ಡಿಯ ಗುಂಡಿ. ನಮಗೆ ಉಡಿದಾರ ಇತ್ತಲ್ಲ, ಚಡ್ಡಿ ಜಾರದೆ ಇರಲಿ ಅಂತ ನಾವು ಅದಕ್ಕೇ ಸಿಕ್ಕಿಸಿಕೊಳ್ತಿದ್ವಲ್ಲ, ಅದೇ ಕೆಲಸ ಇವರಿಗೆ ಆ ಪಟ್ಟಿ ಮಾಡೋದು. ಪುಸ್ತಕ ಹಳೇದಾದ ಮೇಲೆ ಹಾಳೆ ಹರಕೊಂಡು ಪಾಯಿಖಾನೆಗೆ ಹೋಗೋರಂತೆ. ನಗಬೇಡ ತಾನ್ಯಾ, ಆ ಅಜ್ಜಿಯೇ ಹೇಳಿದ್ದು.

ತಾಯಿ ಒಂದು ದಾರ ತಗೊಂಡು ಹುಡುಗನ ಎದೆ, ಕತ್ತು, ತೋಳು ಅಳೆದು ಗಂಟು ಹಾಕಿದಳು. ಅವಳಿಗೆ ಬರೆಯೋಕೆ ಬರ್ತಿರಲಿಲ್ಲ, ಆ ಅಳತೆ ಹಾಕಿ ಕಂಪನಿಗೆ ಕಾಗದ ಪಾದ್ರಿ ಬರೆದುಕೊಟ್ಟರು. ಪುಸ್ತಕಕ್ಕೆ ಕಣ್ಣಿಲ್ಲ ನೋಡು, ಎದೆ ಎಷ್ಟು ಅಗಲ ಅಂತ ಕೇಳುತ್ತೆ, ಮೈ ಯಾವ ಬಣ್ಣ ಅಂತ ಕೇಳೋಲ್ಲ. ಅಂಚೆಯಲ್ಲಿ ಗಂಟು ಬಂತು, ಕಾಗದದಲ್ಲಿ ಸುತ್ತಿ ದಾರ ಕಟ್ಟಿದ ಗಂಟು. ಬಿಳೀ ಅಂಗಿ, ಒಂದು ಜೊತೆ ಪಟ್ಟಿ. ಐಸಾಕ್ ಆ ಗಂಟಿಗೆ ಯಾರಿಗೂ ಕೈ ಹಾಕೋಕೆ ಬಿಡಲಿಲ್ಲವಂತೆ. "ಈ ಅಂಗೀನ ಮೊದಲು ಮುಟ್ಟೋನು ನಾನೇ" ಅಂತ. ಮುಂದೆ ಮನೆಗೆ ಬೆಂಕಿ ಬಿದ್ದಾಗ ಫೋಟೋ ಎಲ್ಲ ಹೋಯ್ತು. ಅಪ್ಪನದು ಅಂತ ಲೋರೆನ್ ಅಜ್ಜಿ ಹತ್ತಿರ ಉಳಿದದ್ದು ಆ ಅಂಗಿ, ಆ ಪಟ್ಟಿ, ಅಷ್ಟೇ. ನಮ್ಮ ಅದ್ವೈತನ ವೇಷದ ವಾರದ ಭಾನುವಾರವೇ ಅವರ ಚರ್ಚಿನ ಅಂಗಳದಲ್ಲಿ ಹಿರೀಕರ ವಸ್ತುಗಳನ್ನ ಎಲ್ಲರಿಗೂ ತೋರಿಸೋಕೆ ಇಡೋರಿದ್ರು, ಅದಕ್ಕೇ ಪೆಟ್ಟಿಗೆಯಿಂದ ಹೊರಗೆ ತೆಗೆದದ್ದು. "ಒಂದು ದಿನ ನಿಮ್ಮ ಹುಡುಗ ಹಾಕಿಕೊಳ್ಳಲಿ, ಮಗುವಿನ ಮೈ ಸೋಕಿ ಎಷ್ಟೋ ಕಾಲ ಆಯ್ತು ಅದಕ್ಕೆ. ಶನಿವಾರ ನನಗೆ ವಾಪಸ್ ಬೇಕು" ಅಂದು ಕೊಟ್ಟರು.

ಅಂಗಿ ಒಳಗೆ ಬಂತು. ನಿಮ್ಮಜ್ಜಿ ಅದನ್ನ ಬೆಳಕಿಗೆ ಹಿಡಿದು ನೋಡಿದಳು. ಹೆಗಲ ಮೇಲೆ ಎರಡು ಗೆರೆ, ಪಟ್ಟಿ ಕೂತೂ ಕೂತೂ ಬಿದ್ದ ಗುರುತು. ಇವಳ ಮುಖ ಸಣ್ಣಗಾಯ್ತು. "ಏನಂದ್ರೆ, ಸತ್ತೋರ ಬಟ್ಟೆ ಕಣ್ರೀ ಇದು. ಮನೇಲಿ ಕಾಯಿಲೆ ಈಗಷ್ಟೇ ಇಳಿದಿದೆ. ಮಗೂಗೆ ಹಾಕೋದಾ?" ನಾನು, "ಅವರು ಪ್ರೀತಿಯಿಂದ ಕೊಟ್ಟಿದ್ದಾರೆ ಕಣೇ, ಬೇಡ ಅನ್ನೋಕಾಗುತ್ತಾ?" ಅಂದೆ. "ಬೇಡ ಅಂತ ನಾನೆಲ್ಲಿ ಅಂದೆ? ಒಂದು ಬೊಟ್ಟು ಅರಿಶಿನ ಹಚ್ಚಿ ಹಾಕ್ತೀನಿ." ಹೊಸ ಬಟ್ಟೆ ಅಂದ್ರೆ ಮೂಲೆಗೆ ಅರಿಶಿನ ಹಚ್ಚದೆ ನಾವು ಮೈಗೆ ಹಾಕೋಲ್ವಲ್ಲ, ಇದೂ ನಮ್ಮ ಮನೆಗೆ ಹೊಸದೇ ತಾನೆ ಅನ್ನಿಸಿತು. ನಾನೂ ಹೂಂ ಅಂದೆ. ಮುಂಭಾಗದ ಅಂಚಿನ ಮೂಲೆಗೆ ಹಚ್ಚಿದಳು, ಒಂದು ಬೆರಳಷ್ಟು.

"ಬೆರಳ ತುದಿಯಷ್ಟು!"

ಕೇಳಿದಿರಾ, ಅಡುಗೆಮನೆಯಿಂದಲೇ ತಿದ್ದುತ್ತಾಳೆ. ಸರಿ ಕಣೆ, ತುದಿಯಷ್ಟೇ. ಅದ್ವೈತ ಹಾಕಿಕೊಂಡ, ಪಟ್ಟಿ ನಾನೇ ಸಿಕ್ಕಿಸಿದೆ, ಕ್ಯಾಮೆರಾ ಮುಂದೆ ಏನೇನೋ ಮಾತಾಡಿದ, ಮೇಷ್ಟ್ರು ಚಪ್ಪಾಳೆ ತಟ್ಟಿದರು. ಅಲ್ಲಿಗೆ ಎಲ್ಲ ಚೆನ್ನಾಗಿತ್ತು. ಸಾಯಂಕಾಲ ಸ್ಮಿತಾ ಅಂಗಿ ಮಡಿಸೋಕೆ ಹೋಗಿ ಕಿರುಚಿದಳು. "ಅತ್ತೇ, ಏನಿದು ಯೆಲ್ಲೋ? ಅಯ್ಯೋ ದೇವ್ರೇ, ಇದು ನೂರು ವರ್ಷದ ಅಂಗಿ!" ಅನ್ನುತ್ತಾ, ನಾನು ತಡಿ ತಡಿ ಅನ್ನೋದರೊಳಗೆ ಕಲೆ ತೆಗೆಯೋ ಸೋಪು ಹಾಕಿ ಉಜ್ಜಿಬಿಟ್ಟಳು. ಅರಿಶಿನಕ್ಕೆ ಸೋಪು ಬಿದ್ರೆ ಏನಾಗುತ್ತೆ? ಅರಿಶಿನಕ್ಕೆ ಸುಣ್ಣ ಬಿದ್ರೆ ಆಗೋದೇ. ಓಕುಳಿ. ಕೆಂಪಗೆ, ರಕ್ತದ ಹಾಗೆ ಹರಡಿತು. ಪಾಪ, ಆ ಹುಡುಗಿ ಕೈ ನೋಡಿಕೊಂಡು ಅಳೋಕೆ ಶುರು ಮಾಡಿದಳು. ನಿಮ್ಮಜ್ಜಿ ನಿಂಬೆಹಣ್ಣು ಹಿಂಡಿ ತಣ್ಣೀರಲ್ಲಿ ಜಾಲಿಸಿದಳು, ಕೆಂಪು ಹೋಯ್ತು, ಹಳದಿ ಹೋಗಲಿಲ್ಲ. ಹಳದಿ ಹೋಗೋದು ಬಿಸಿಲಿಗೆ ಮಾತ್ರ. ಅದು ಚಳಿಗಾಲದ ಕೊನೆ, ಬಿಸಿಲು ಎಲ್ಲಿದೆ?

ಮಾರನೇ ದಿನವೇ ಶನಿವಾರ, ಅಂಗಿ ವಾಪಸ್ ಕೊಡೋ ದಿನ. ಬೆಳಿಗ್ಗೆ ಪೂಜೆ ಮುಗಿಸಿ, ನೀವು ಡೆಕ್ ಅಂತೀರಲ್ಲ, ಇದೇ ಮರದ ಜಗಲಿಯ ಕಟಕಟೆ ಮೇಲೆ ಬಿಳೀ ಪಂಚೆ ಹಾಸಿ ಅದರ ಮೇಲೆ ಅಂಗಿ ಹರಡಿದೆ. ಬಿಸಿಲು ಬಂದ ಕಡೆಗೆ ಎಳೆದುಕೊಂಡು ಹೋಗೋದು, ಮೋಡ ಬಂದರೆ ಕಾಯೋದು. ಬಾಯಲ್ಲಿ ಆದಿತ್ಯನ ಸ್ತೋತ್ರ, ಕಣ್ಣು ಬೇಲಿ ಕಡೆ. ಹಳದಿ ಸ್ವಲ್ಪ ಇಳಿದ ಹಾಗೆ ಕಾಣೋದು, ಮತ್ತೆ ನೋಡಿದರೆ ಹಾಗೇ ಇದೆ. ಸ್ಮಿತಾ ಬಂದು ಮೆಲ್ಲಗೆ ಹೇಳಿದಳು, "ಮಾವಾ, ಪಟ್ಟೀನ ಆ ಮೂಲೆ ಮೇಲೆ ಬರೋ ಹಾಗೆ ಇಟ್ಟು ಮಡಿಸಿಬಿಡೋಣ. ನಾಳೆ ಅವರು ಹಾಗೇ ತೂಗುಹಾಕ್ತಾರೆ. ಯಾರಿಗೂ ಕಾಣೋಲ್ಲ." ಚರ್ಮದ ತುದಿ ಎಳೆದು ಮೂಲೆ ಮೇಲೆ ಇಟ್ಟು ನೋಡಿದಳು, ನಿಜವಾಗಲೂ ಮುಚ್ಚಿಹೋಯ್ತು, ಅಳತೆ ಮಾಡಿದ ಹಾಗೆ. ನಿಮ್ಮಜ್ಜಿ, "ಬೇಡ ಸ್ಮಿತಾ, ತೆಗಿ" ಅನ್ನೋದಕ್ಕೂ, ಬೇಲಿ ಬಾಗಿಲು ಕಿರ್ ಅನ್ನೋದಕ್ಕೂ ಸರಿಹೋಯ್ತು.

ಲೋರೆನ್ ಅಜ್ಜಿ. ಅವರ ಕಿಟಕಿಯಿಂದ ಕಂಡಿದೆ, ಅಪ್ಪನ ಅಂಗಿ ಹೊರಗೆ ಬಿಸಿಲಲ್ಲಿ ಬಿದ್ದಿರೋದು. ಕೋಲು ಕುಟ್ಟಿಕೊಂಡು ಬಂದರು. ಮೆಟ್ಟಿಲು ಹತ್ತೋದು ಕಷ್ಟ, ನಾನು ಕೈ ಚಾಚಿದೆ, ಹಿಡಿಯಲಿಲ್ಲ. ಬಂದವರೇ ಪಟ್ಟಿ ಎತ್ತಿದರು. ಕಲೆ ನೋಡಿದರು. "ವಾಟ್ ಈಸ್ ದಿಸ್?" ಅಂದರು. ದನಿ ಏರಿಸಲಿಲ್ಲ, ಏರಿಸಿದ್ದರೇ ಚೆನ್ನಾಗಿತ್ತು. ಸ್ಮಿತಾ ಗಡಬಡಿಸಿ ಹೇಳಿದಳು, ಅರಿಶಿನ, ನಮ್ಮ ಪದ್ಧತಿ, ಶುಭ, ಹೊಸ ಬಟ್ಟೆಗೆ ಹಚ್ತೀವಿ ಅಂತ. ಆಕೆ ಕೇಳಿಸಿಕೊಂಡು, "ಇದು ಹೊಸ ಬಟ್ಟೆ ಅಲ್ಲವಲ್ಲ" ಅಂದರು. ಆಮೇಲೆ ಸ್ಮಿತಾನ ಬಿಟ್ಟು ನಿಮ್ಮಜ್ಜಿ ಕಡೆ ತಿರುಗಿದರು. "ಜಯಾ, ನೀನು ಹೇಳು. ಇದನ್ನ ನಮ್ಮಪ್ಪನಿಗೆ ಒಳ್ಳೇದಾಗಲಿ ಅಂತ ಹಚ್ಚಿದೆಯಾ, ಇಲ್ಲಾ ನಮ್ಮಪ್ಪನಿಂದ ನಿನ್ನ ಮೊಮ್ಮಗನಿಗೆ ಕೆಟ್ಟದ್ದು ಅಂಟದೆ ಇರಲಿ ಅಂತ ಹಚ್ಚಿದೆಯಾ?"

ಸ್ಮಿತಾ ಅದನ್ನ ಕನ್ನಡಕ್ಕೆ ತರುವಾಗ ಅವಳ ನಾಲಿಗೆ ತಡವರಿಸಿತು. ಮಕ್ಕಳೇ, ನಮ್ಮೂರಲ್ಲೂ ಒಂದು ಬಟ್ಟೆ ಅಂಗಡಿ ಇತ್ತು. ಶೆಟ್ಟರು ನನಗೆ ಥಾನು ಬಿಚ್ಚಿ ಕೈಗೆ ಕೊಟ್ಟು ನೋಡಪ್ಪ ಅನ್ನೋರು. ಕೇರಿಯ ಹುಡುಗರು ಬಂದರೆ ಜಗಲಿ ಕೆಳಗೇ ನಿಲ್ಲಬೇಕು, ಬಟ್ಟೆ ಕತ್ತರಿಸಿ ಮೇಲಿಂದ ಎಸೆಯೋರು. ಮುಟ್ಟಿದ ಮೇಲೆ ಬೇಡ ಅನ್ನೋ ಹಾಗಿಲ್ಲ. ಬೇಲಿ ಹತ್ತಿರ ಕೂತು ಐಸಾಕನ ಕಥೆ ಕೇಳಿದಾಗ ಛೆ ಛೆ ಅಂದಿದ್ದೆ, ನಮ್ಮ ಶೆಟ್ಟರ ಜಗಲಿ ನೆನಪಿಗೆ ಬಂದಿರಲಿಲ್ಲ. ಈಗ ಬಂತು. ಒಳ್ಳೇದಕ್ಕೇ ಹಚ್ಚಿದ್ದು ಅಂತ ಒಂದು ಮಾತು ಅಂದುಬಿಡು ಜಯಾ, ಅಂತ ಮನಸ್ಸಿನಲ್ಲೇ ಬೇಡಿಕೊಂಡೆ. ಬಾಣಂತಿಯನ್ನೂ ಕಾಯಿಲೆಯೋನನ್ನೂ ಕಾಯ್ದ ಮನೆ ಅವರದು, ಈ ದೇಶದಲ್ಲಿ ನಮಗಿದ್ದ ಒಂದೇ ಬಾಗಿಲು.

ನಿಮ್ಮಜ್ಜಿ ಸೆರಗು ಸರಿ ಮಾಡಿಕೊಂಡಳು. "ಹೆದರಿಕೆ ಇತ್ತು ಕಣಮ್ಮಾ. ಹೆದರಿಕೆಗೇ ಹಚ್ಚಿದೆ. ಸುಳ್ಳು ಯಾಕೆ ಹೇಳಲಿ? ನೀವು ಮಾಡಿದ ಹುರುಳಿಕಾಯಿ ತಿಂದ ಬಾಯಿ ಇದು" ಅಂದಳು. ಸ್ಮಿತಾ ನನ್ನ ಮುಖ ನೋಡಿದಳು, ಇದನ್ನ ಹೇಳಲಾ ಅಂತ. "ಹಾಗೇ ಹೇಳಮ್ಮ, ಒಂದಕ್ಷರ ಬದಲಾಯಿಸಬೇಡ" ಅಂದೆ.

ಹೇಳಿದಳು. ಒಂದು ಅಳಿಲು ಕಟಕಟೆ ಮೇಲೆ ಓಡಿ ಬಂತು, ಲೋರೆನ್ ಅಜ್ಜಿ ಕೋಲಿನಿಂದ ಓಡಿಸಿದರು. ಮೋಡ ಬಂತು, ಹೋಯ್ತು. ಆಮೇಲೆ ಕುರ್ಚಿ ಎಳೆದುಕೊಂಡು ಅಂಗಿ ಪಕ್ಕ ಕೂತರು. "ಆ ಅಂಗಡಿಯೋನ ಬಾಯಿಂದ ಈ ಮಾತು ಬರಲಿ ಅಂತ ನಮ್ಮಪ್ಪ ಸಾಯೋ ತನಕ ಕಾದ. ಹೆದರಿಕೆ ಇತ್ತು ಅಂತ ಒಂದು ಮಾತು. ಅವನು ಕೊಳೆ ಅಂತಲೇ ಅಂದ" ಅಂದರು. ಸಿಟ್ಟು ಇಳಿದಿತ್ತು ಅಂತ ನಾನು ಹೇಳೋಲ್ಲ, ಇಳಿದಿರಲಿಲ್ಲ. ಆದರೆ ಬಿಸಿಲು ಸರಿದಾಗ ಅಂಗೀನ ಅವರೇ ಬಿಸಿಲಿಗೆ ಸರಿಸಿದರು. ಸಂಜೆಗೆ ಹಳದಿ ಬಹಳ ಇಳಿದಿತ್ತು, ಪೂರ್ತಿ ಹೋಗಿರಲಿಲ್ಲ. ಹುಡುಕಿದರೆ ಕಾಣೋ ಅಷ್ಟು. ಎತ್ತಿಕೊಳ್ಳುವಾಗ ಹೇಳಿದರು, "ಪಟ್ಟಿಯಿಂದ ಮುಚ್ಚೋಲ್ಲ. ನಾಳೆ ಯಾರಾದರೂ ಕೇಳ್ತಾರೆ. ನೀನೇ ಬಂದು ಹೇಳಬೇಕು ಜಯಾ."

ಹೋದೆವು. ಮೂಗು ಬಾಯಿ ಮುಚ್ಚಿಕೊಂಡು ಚರ್ಚಿನ ಹುಲ್ಲಿನ ಮೇಲೆ ದೂರ ದೂರ ನಿಂತ ಜನ, ಒಂದು ತಂತಿಗೆ ಐಸಾಕನ ಅಂಗಿ, ಪಕ್ಕದಲ್ಲಿ ಬೇರೆಯಾಗಿ ಪಟ್ಟಿ. ಹ್ಯಾಟು ಹಾಕಿದ ಒಬ್ಬಾಕೆ ಬಗ್ಗಿ ನೋಡಿ ಕೇಳಿಯೇ ಬಿಟ್ಟಳು, ಇದೇನು ಕಲೆ ಅಂತ. ನಿಮ್ಮಜ್ಜಿ, ಊರಲ್ಲಿ ನಾಲ್ಕು ಜನರ ಮುಂದೆ ಬಾಯಿ ಬಿಡದೋಳು, ಕನ್ನಡದಲ್ಲೇ ಹೇಳಿದಳು, ಹೆದರಿಕೆ ಅನ್ನೋ ಮಾತನ್ನೂ ನುಂಗಲಿಲ್ಲ, ಸ್ಮಿತಾ ಅದನ್ನ ಹಾಗೇ ಇಂಗ್ಲಿಷಿಗೆ ತಂದಳು. ಲೋರೆನ್ ಅಜ್ಜಿ ಅವಳ ಪಕ್ಕದಲ್ಲೇ ಕೋಲು ಊರಿ ನಿಂತಿದ್ದರು. ಮುಗಿದ ಮೇಲೆ ಇವಳ ಕಡೆ ನೋಡದೇನೇ, "ಬುಧವಾರ ಹುರುಳಿಕಾಯಿ ಮಾಡ್ತೀನಿ" ಅಂದರು.

ಈಗ ಅವರು ಇಲ್ಲ, ಆ ಮನೇಲಿ ಬೇರೆಯೋರಿದ್ದಾರೆ. ನಾವೂ ಎಷ್ಟು ದಿನ. ಅರಿಶಿನ ಹಚ್ಚಬೇಡಿ ಅಂತ ನಾನು ಹೇಳ್ತಿಲ್ಲ, ಹಚ್ಚಿ, ದೇವರು ಮೆಚ್ಚೋ ಕೆಲಸವೇ. ಹಚ್ಚೋ ಬೆರಳಲ್ಲಿ ಪ್ರೀತಿ ಇದೆಯೋ ಹೆದರಿಕೆ ಇದೆಯೋ, ಒಂದು ಸಲ ನೋಡಿಕೊಂಡು ಹಚ್ಚಿ. ತಾನ್ಯಾ, ನಾಳೆ ಹುಟ್ಟುಹಬ್ಬದ ಫ್ರಾಕಿಗೆ ಅಜ್ಜಿ ಅರಿಶಿನ ಹಚ್ಚುವಾಗ ನಿನ್ನ ಫ್ರೆಂಡ್ಸು ಏನದು ಅಂತ ಕೇಳ್ತಾರಲ್ಲ, ಈ ಕಥೆ ಅವರಿಗೆ ಹೇಳು. ಇಂಗ್ಲಿಷಲ್ಲೇ ಹೇಳು, ಪರವಾಗಿಲ್ಲ. ಐಸಾಕನ ಹೆಸರು ಮಾತ್ರ ಬಿಡಬೇಡ.